‘ಔಷಧಿಯಿಲ್ಲ’ ಎಂಬ ಮಾತು

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ವೈರಸ್ಸಿನ ವಿಷಯವಾಗಿ ಬರೆಯಹೊರಟರೆ ಓದುವವರು ನಕ್ಕಾರು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುವವನಿಗೆ ಈ ಉಸಾಬರಿ ಏತಕ್ಕೆ ಎಂದು ಗೆಳೆಯರು ಈಗಾಗಲೇ ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಉತ್ತರವನ್ನು ಮೊದಲೇ ಕೊಟ್ಟುಬಿಡುತ್ತೇನೆ. ನಮ್ಮ ಮನೆಯಲ್ಲಿ ಆಸ್ಪತ್ರೆಯ ಚೀಟಿಯನ್ನು ಓದಬಲ್ಲವನು ನಾನೊಬ್ಬನೇ. ಒಂದು ಸಲ ಅದನ್ನು ತಪ್ಪಾಗಿ ಓದಿದೆ. ಆ ತಪ್ಪಿಗೆ ಮನೆಯವರು ತೆತ್ತ ಬೆಲೆಯನ್ನು ನೆನೆದಾಗಲೆಲ್ಲ ವೈರಸ್ಸೆಂದರೇನೆಂದು ತಿಳಿಯಬೇಕೆಂಬ ಹಟ ಹೆಚ್ಚುತ್ತ ಬಂತು. ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ. ವಿಜ್ಞಾನ ಬಲ್ಲವರು ನನ್ನ ಭಾಷೆಯ ಒರಟುತನವನ್ನು ಮನ್ನಿಸಬೇಕು.

ನಮ್ಮೂರು ಸಾಗರ ತಾಲ್ಲೂಕಿನ ಶರಾವತಿಯ ಕಡೆಯ ಒಂದು ಹಳ್ಳಿ. ಅಪ್ಪ, ಚಿಕ್ಕಪ್ಪ ಇಬ್ಬರೂ ಅಡಿಕೆ ತೋಟದ ಕೆಲಸದವರು. ಅಡಿಕೆ ತೋಟವೆಂದರೆ ತೋಟವೊಂದೇ ಅಲ್ಲ. ಅದರ ಬೆನ್ನಿಗೆ ಸೊಪ್ಪಿನಬೆಟ್ಟವಿರುತ್ತದೆ. ಬೇಸಗೆ ಮೊದಲಾಗುವ ಹೊತ್ತಿಗೆ ಬೆಟ್ಟಕ್ಕೆ ಹೋಗಿ ದರಕು ಗುಡಿಸಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸಬೇಕು. 2018ರ ಕೊನೆಯಿಂದ 2019ರ ಬೇಸಗೆಯವರೆಗೆ ನಮ್ಮ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಮಂಗನ ಕಾಯಿಲೆ ಹಬ್ಬಿ ಹಲವರು ತೀರಿಕೊಂಡದ್ದು ಪತ್ರಿಕೆ ಓದುವವರಿಗೆ ನೆನಪಿರಬಹುದು. ಆ ಫೆಬ್ರವರಿಯಲ್ಲಿ ದರಕಿಗೆ ಹೋಗಿ ಬಂದ ಚಿಕ್ಕಪ್ಪನಿಗೂ ಜ್ವರ ಬಂತು. ಮೈಯೆಲ್ಲ ಒನಕೆಯಿಂದ ಕುಟ್ಟಿದಂತೆ ನೋವು, ಕಣ್ಣು ಕೆಂಪು, ತಲೆ ಎತ್ತಲಾಗದು. ಸರ್ಕಾರಿ ಆಸ್ಪತ್ರೆಗೆ ಸೇರಿಸಿದೆವು. ರಕ್ತ ಪರೀಕ್ಷೆಗೆ ಹೋಯಿತು. ಮಂಗನ ಕಾಯಿಲೆಯೇ ಎಂದು ಬಂತು.

ನಾನಾಗ ಎಂಟನೆಯ ತರಗತಿಯಲ್ಲಿದ್ದೆ. ಅಪ್ಪ ಚೀಟಿಯನ್ನು ನನ್ನ ಕೈಗೆ ಕೊಟ್ಟು, “ಎಂಥ ಬರ್ದಿದಾರೋ, ಓದು” ಅಂದ. ಇಂಗ್ಲಿಷಿನಲ್ಲಿ ಮೂರು ಸಾಲಿತ್ತು. ಮೊದಲ ಸಾಲಿನಲ್ಲಿ ‘ನೋ ಸ್ಪೆಸಿಫಿಕ್ ಟ್ರೀಟ್‌ಮೆಂಟ್’ ಎಂದಿತ್ತು. ‘ನೋ’ ಗೊತ್ತು, ‘ಟ್ರೀಟ್‌ಮೆಂಟ್’ ಗೊತ್ತು. ನಡುವಿನ ಪದ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಲು ನಾಚಿಕೆಯಾಗಿ ಅದನ್ನು ಹಾರಿಸಿ, “ಇದಕ್ಕೆ ಔಷಧಿಯಿಲ್ಲವಂತೆ ಅಪ್ಪಾ” ಎಂದುಬಿಟ್ಟೆ. ಉಳಿದೆರಡು ಸಾಲುಗಳಲ್ಲಿ ರೋಗಿಯನ್ನು ಆಸ್ಪತ್ರೆಯಲ್ಲಿಯೇ ಇರಿಸಿ ದಿನವೂ ರಕ್ತ ನೋಡಬೇಕೆಂದು ಬರೆದಿತ್ತು. ಅದನ್ನು ಓದುವ ಮೊದಲೇ ಅಪ್ಪ ಎದ್ದು ನಿಂತಿದ್ದ. “ಔಷಧಿಯಿಲ್ಲ ಅಂದ್ಮೇಲೆ ಇಲ್ಲಿ ಯಾಕೆ ಮಲಗ್ಸಿದಾರೆ? ಬಡವರಿಗೆ ಹೇಳೋ ಮಾತಿದು” ಅಂದ.

ಅದೇ ಸಂಜೆ ಚಿಕ್ಕಪ್ಪನನ್ನು ಅಲ್ಲಿಂದ ಬಿಡಿಸಿ, ಔಷಧಿಯುಂಟು ಎಂದು ಹೇಳುವವರ ಬಳಿಗೆ ಕರೆದುಕೊಂಡು ಹೋದರು. ಅಲ್ಲಿ ದಿನಕ್ಕೆರಡು ‘ಪವರ್ ಇಂಜೆಕ್ಷನ್’ ಕೊಟ್ಟರು. ಚಿಕ್ಕಮ್ಮನ ಬೆಂಡೋಲೆ ಗಿರವಿ ಅಂಗಡಿ ಸೇರಿತು. ನಾಲ್ಕೈದು ದಿನಗಳಲ್ಲಿ ಜ್ವರ ಬಿಟ್ಟಿತು. ಊರಿನಲ್ಲಿ ಆ ಇಂಜೆಕ್ಷನ್ನಿನ ಕೀರ್ತಿ ಹಬ್ಬಿತು. ಎರಡು ವಾರವಾಗುವಷ್ಟರಲ್ಲಿ ಜ್ವರ ಮತ್ತೆ ಬಂತು. ಈ ಸಲ ಕೈ ನಡುಗುತ್ತಿತ್ತು, ಮಾತು ತಪ್ಪುತ್ತಿತ್ತು, ಚಿಕ್ಕಮ್ಮನನ್ನು ನೋಡಿ ಯಾರೆಂದು ಕೇಳಿದ. ಮತ್ತೆ ಸರ್ಕಾರಿ ಆಸ್ಪತ್ರೆ, ಅಲ್ಲಿಂದ ದೂರದ ದೊಡ್ಡ ಆಸ್ಪತ್ರೆ. ದೇವರ ದಯೆಯೋ ದಾದಿಯರ ದಯೆಯೋ, ಚಿಕ್ಕಪ್ಪ ಉಳಿದ. ಆದರೆ ವರ್ಷ ಕಳೆದರೂ ಅಡಿಕೆ ಮರ ಹತ್ತಲಾಗಲಿಲ್ಲ. ಬೆಂಡೋಲೆ ತಿರುಗಿ ಬರಲಿಲ್ಲ.

ಮೊದಲಿನ ಆಸ್ಪತ್ರೆಯಲ್ಲಿಯೇ ಇದ್ದಿದ್ದರೆ ಎರಡನೆಯ ಜ್ವರ ಬರುತ್ತಿರಲಿಲ್ಲವೆಂದು ನಾನು ಹೇಳಲಾರೆ. ಈ ಕಾಯಿಲೆಯ ಸ್ವಭಾವವೇ ಹಾಗೆ; ಹತ್ತರಲ್ಲಿ ಒಬ್ಬಿಬ್ಬರಿಗೆ, ಗುಣವಾಯಿತೆನ್ನುವ ಹೊತ್ತಿಗೆ, ಮಿದುಳಿಗೆ ಸಂಬಂಧಿಸಿದ ಎರಡನೆಯ ಸುತ್ತು ಬರುತ್ತದೆ. ಆದರೆ ಅಲ್ಲಿದ್ದಿದ್ದರೆ ಅದನ್ನು ಬಲ್ಲವರ ಕಣ್ಣೆದುರಿಗೆ ಇರುತ್ತಿದ್ದ. ಕೈ ನಡುಗಿದ ಮೊದಲ ದಿನವೇ ಅದು ಏನೆಂದು ನಮಗೆ ಗೊತ್ತಾಗುತ್ತಿತ್ತು. ಮೂರು ದಿನ ದೆವ್ವದ ಮಾತಾಡುತ್ತ ಕೂರುತ್ತಿರಲಿಲ್ಲ. ಬೆಂಡೋಲೆಯೂ ಕಿವಿಯಲ್ಲಿರುತ್ತಿತ್ತು.

ನಾನು ಹಾರಿಸಿ ಓದಿದ ಆ ಒಂದು ಪದದಲ್ಲಿ ವೈರಸ್ಸಿನ ಶಾಸ್ತ್ರವೆಲ್ಲ ಅಡಗಿತ್ತೆಂಬುದು ಆಮೇಲೆ ತಿಳಿಯಿತು. ‘ಔಷಧಿಯಿಲ್ಲ’ ಎಂಬುದು ಪೂರ್ತಿ ಮಾತಲ್ಲ. ಅದಕ್ಕೊಂದು ‘ಏಕೆಂದರೆ’ ಇದೆ, ಒಂದು ‘ಆದ್ದರಿಂದ’ ಇದೆ. ಈ ಎರಡನ್ನೂ ಬಿಟ್ಟು ಹೇಳಿದರೆ ಆ ಮಾತು ಹಳ್ಳಿಯವರ ಕಿವಿಗೆ ‘ಕೈಬಿಟ್ಟೆವು’ ಎಂದೇ ಕೇಳಿಸುತ್ತದೆ. ನನ್ನ ಲೇಖನದ ಸಾರಾಂಶ ಇಷ್ಟೇ.

ಮೊದಲು ‘ಏಕೆಂದರೆ’ಯನ್ನು ನೋಡೋಣ.

ವೈರಸ್ಸಿನ ಸುಳಿವು ಮೊದಲು ಸಿಕ್ಕಿದ್ದು ಮನುಷ್ಯನ ರೋಗದಲ್ಲಲ್ಲ, ಹೊಗೆಸೊಪ್ಪಿನ ಎಲೆಯಲ್ಲಿ. ಎಲೆಯ ಮೇಲೆ ಮಚ್ಚೆ ಮೂಡಿಸುವ ಒಂದು ರೋಗವಿತ್ತು. 1892ರಲ್ಲಿ ರಷ್ಯಾ ದೇಶದ ಇವಾನೋವ್‌ಸ್ಕಿ ರೋಗದ ಎಲೆಯ ರಸವನ್ನು ಬ್ಯಾಕ್ಟೀರಿಯಾಗಳು ದಾಟಲಾರದಂಥ ಪಿಂಗಾಣಿಯ ಸೋಸುಕದಲ್ಲಿ ಸೋಸಿದ. ಸೋಸಿದ ರಸವೂ ಒಳ್ಳೆಯ ಎಲೆಗೆ ರೋಗ ಹತ್ತಿಸಿತು. 1898ರಲ್ಲಿ ಹಾಲೆಂಡಿನ ಬೈಜರಿಂಕ್ ಇದು ಬ್ಯಾಕ್ಟೀರಿಯಾಕ್ಕಿಂತ ಬೇರೆಯಾದ ವಸ್ತು, ಜೀವವಿರುವ ಕೋಶಗಳ ಒಳಗೆ ಮಾತ್ರ ಹೆಚ್ಚುತ್ತದೆ ಎಂದು ಹೇಳಿ, ಲ್ಯಾಟಿನ್ನಿನಲ್ಲಿ ವಿಷವೆಂಬ ಅರ್ಥವಿರುವ ‘ವೈರಸ್’ ಎಂಬ ಹೆಸರನ್ನು ಅದಕ್ಕೆ ಬಳಸಿದ. 1935ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಅದನ್ನು ಉಪ್ಪಿನ ಹರಳಿನಂತೆ ಹರಳುಗಟ್ಟಿಸಿದಾಗ ಪಂಡಿತರೇ ಬೆರಗಾದರು. ಶೀಶೆಯಲ್ಲಿಟ್ಟರೆ ಉಪ್ಪಿನಂತೆ ಬಿದ್ದಿರುತ್ತದೆ. ಉಸಿರಾಡದು, ಉಣ್ಣದು, ಬೆಳೆಯದು. ಎಲೆಗೆ ತಾಗಿಸಿದರೆ ಸಾವಿರ ಲಕ್ಷವಾಗುತ್ತದೆ. ಅದಕ್ಕೆ ಜೀವವಿದೆಯೆನ್ನಬೇಕೋ ಇಲ್ಲವೆನ್ನಬೇಕೋ ಎಂಬ ವಾದ ಇನ್ನೂ ಮುಗಿದಿಲ್ಲ. ನನಗೆ ತೋರುವ ಮಟ್ಟಿಗೆ, ಕಾಗೆಯ ಗೂಡಿಲ್ಲದೆ ಕೋಗಿಲೆಯ ಸಂಸಾರ ಹೇಗಿಲ್ಲವೋ ಹಾಗೆ ಜೀವಕೋಶವಿಲ್ಲದೆ ವೈರಸ್ಸಿಗೆ ಬದುಕಿಲ್ಲ. ಆದರೆ ಕೋಗಿಲೆ ಗೂಡಿನ ಹೊರಗೆ ಹಾಡುತ್ತದೆ. ವೈರಸ್ ಅದನ್ನೂ ಮಾಡದು.

ಮಂಗನ ಕಾಯಿಲೆಯ ವೈರಸ್ಸನ್ನೇ ತೆಗೆದುಕೊಳ್ಳಿ. ಅದರ ಗಾತ್ರ ಒಂದು ಮಿಲಿಮೀಟರಿನ ಸುಮಾರು ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಅದರೊಳಗೆ ಇರುವುದು ಆರ್‌ಎನ್‌ಎ ಎಂಬ ವಸ್ತುವಿನ ಒಂದು ಎಳೆ. ಅದನ್ನು ಬರವಣಿಗೆಯೆಂದುಕೊಂಡರೆ ಸುಮಾರು ಹನ್ನೊಂದು ಸಾವಿರ ಅಕ್ಷರದ ಒಂದು ಚೀಟಿ. ನಮ್ಮ ದೇಹದ ಬರವಣಿಗೆ ಮುನ್ನೂರು ಕೋಟಿ ಅಕ್ಷರದ್ದು. ಈ ಚೀಟಿಯ ಸುತ್ತ ಪ್ರೋಟೀನಿನ ಹೊದಿಕೆ, ಅದರ ಮೇಲೆ ಕೊಬ್ಬಿನ ಲಕೋಟೆ. ಇಷ್ಟೇ ಅದರ ಆಸ್ತಿ. ಕೈಯಿಲ್ಲ, ಕಾಲಿಲ್ಲ, ಹೊಟ್ಟೆಯಿಲ್ಲ. ತನ್ನ ಅಡಿಗೆ ಮಾಡಿಕೊಳ್ಳಲು ಒಲೆಯೂ ಇಲ್ಲ.

ಒಲೆ ಇರುವುದು ನಮ್ಮ ಜೀವಕೋಶದಲ್ಲಿ. ಮದುವೆ ಮನೆಯ ಅಡಿಗೆ ಕೋಣೆಯನ್ನು ನೆನೆಯಿರಿ. ಯಜಮಾನನ ಕಡೆಯಿಂದ ಚೀಟಿ ಬರುತ್ತದೆ: ಇಷ್ಟು ಸೇರಿನ ಅನ್ನ, ಇಷ್ಟು ಹೋಳಿಗೆ. ಗಡಿಬಿಡಿಯಲ್ಲಿರುವ ಅಡಿಗೆಯವರು ಚೀಟಿ ತಂದವನ ಮುಖ ನೋಡುವುದಿಲ್ಲ. ಬರೆದದ್ದನ್ನು ಮಾಡಿ ಇಳಿಸುತ್ತಾರೆ. ಜೀವಕೋಶದಲ್ಲಿ ರೈಬೋಸೋಮುಗಳೆಂಬ ಅಡಿಗೆಯವರಿದ್ದಾರೆ. ನಮ್ಮ ದೇಹದ ಪ್ರೋಟೀನುಗಳನ್ನೆಲ್ಲ ತಯಾರಿಸುವವರು ಇವರೇ. ವೈರಸ್ಸು ಕೋಶದ ಹೊರಪೊರೆಗೆ ಅಂಟಿಕೊಳ್ಳುತ್ತದೆ. ಕೋಶವು ಯಾವುದೋ ಆಹಾರವೆಂದು ಅದನ್ನು ಚೀಲದಂತೆ ಸುತ್ತಿ ನುಂಗುತ್ತದೆ. ಆ ಚೀಲದ ಹುಳಿಯಲ್ಲಿ ಲಕೋಟೆ ಬಿಚ್ಚಿಕೊಂಡು ಚೀಟಿ ಒಳಗೆ ಜಾರುತ್ತದೆ. ಅದರಲ್ಲಿ ಬರೆದಿರುವುದು ಇಷ್ಟೆ: ‘ಇಂಥವೇ ಚೀಟಿಗಳನ್ನು ಬರೆಯಿರಿ, ಇಂಥವೇ ಲಕೋಟೆಗಳನ್ನು ಮಾಡಿರಿ.’ ಅಡಿಗೆಯವರು ಹಾಗೆಯೇ ಮಾಡುತ್ತಾರೆ. ಹೊಸ ವೈರಸ್ಸುಗಳು ಹೊರಬಿದ್ದು ಪಕ್ಕದ ಕೋಶಗಳನ್ನು ಹೊಗುತ್ತವೆ. ಮನೆಯ ಅಕ್ಕಿ ಬೇಳೆ, ಮನೆಯ ಸೌದೆ, ಮನೆಯ ಆಳು. ಊಟ ಮಾತ್ರ ಕಳ್ಳನದು.

ರೋಗವೆಂಬುದು ಇಲ್ಲಿಂದ ಹೇಗೆ ಹುಟ್ಟುತ್ತದೆ? ಒಂದು, ದುಡಿದು ದುಡಿದು ಕೆಲವು ಕೋಶಗಳು ಸಾಯುತ್ತವೆ. ಎರಡು, ದೇಹವೇ ಎಚ್ಚೆತ್ತು ಕಾದಾಟಕ್ಕೆ ನಿಲ್ಲುತ್ತದೆ. ಸೋಂಕು ತಗುಲಿದ ಕೋಶವು ಸುತ್ತಲಿನವರಿಗೆ ಡಂಗುರ ಹೊಡೆಯುವ ವಸ್ತುಗಳನ್ನು ಹೊರಬಿಡುತ್ತದೆ. ಅವುಗಳಲ್ಲಿ ಒಂದಾದ ಇಂಟರ್‌ಫೆರಾನನ್ನು ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬಿಬ್ಬರು ಕಂಡುಹಿಡಿದದ್ದು 1957ರಲ್ಲಿ. ನಮ್ಮ ಜಿಲ್ಲೆಯಲ್ಲಿ ಮಂಗನ ಕಾಯಿಲೆ ಗೊತ್ತಾದದ್ದೂ ಅದೇ ವರ್ಷ. ಜ್ವರ, ಮೈನೋವು, ಸುಸ್ತುಗಳಲ್ಲಿ ಬಹುಪಾಲು ವೈರಸ್ಸಿನ ಕೆಲಸವಲ್ಲ, ನಮ್ಮ ಕಾವಲಿನವರ ಗದ್ದಲ. ಜ್ವರವೇ ಶತ್ರುವೆಂದುಕೊಂಡಿದ್ದ ನನಗೆ ಇದು ಹೊಸ ಸಂಗತಿಯಾಗಿತ್ತು. ಮೂರು, ಈ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟುಗಳು ಇಳಿಯುತ್ತವೆ. ಮೂಗು, ವಸಡು, ಕರುಳುಗಳಿಂದ ರಕ್ತ ಹೋಗಬಹುದು. ದಿನವೂ ರಕ್ತ ನೋಡಬೇಕೆಂದು ಬರೆದದ್ದು ಇದಕ್ಕಾಗಿ. ಇಂಥ ಹೊತ್ತಿನಲ್ಲಿ ಆಸ್ಪಿರಿನ್ನಿನಂಥ ನೋವಿನ ಮದ್ದು ಕೊಟ್ಟರೆ ರಕ್ತಸ್ರಾವ ಹೆಚ್ಚುವ ಭಯವಿದೆ. ‘ಏನಾದರೂ ಒಂದು ಇಂಜೆಕ್ಷನ್ ಕೊಡಿ’ ಎಂದು ಕೇಳುವವರಿಗೆ ಇದು ಗೊತ್ತಿರುವುದಿಲ್ಲ.

ಈಗ ‘ಪವರ್ ಇಂಜೆಕ್ಷನ್’ ಏನು ಮಾಡಿತೆಂದು ನೋಡಬಹುದು. ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಆಂಟಿಬಯೋಟಿಕ್ ಎಂದು ಆಮೇಲೆ ಅದರ ಬಿಲ್ಲು ಓದಿ ತಿಳಿದೆ. ಬ್ಯಾಕ್ಟೀರಿಯಾ ಸ್ವಂತ ಮನೆಯಿರುವ ಪ್ರಾಣಿ. ಅದಕ್ಕೆ ಗೋಡೆಯಿದೆ, ಪೆನಿಸಿಲಿನ್ ಆ ಗೋಡೆಯನ್ನು ಕಟ್ಟಗೊಡುವುದಿಲ್ಲ. ಅದಕ್ಕೆ ತನ್ನವೇ ಅಡಿಗೆಯವರಿದ್ದಾರೆ. ಕೆಲವು ಮದ್ದುಗಳು ನಮ್ಮವರನ್ನು ಬಿಟ್ಟು ಅವರನ್ನು ಮಾತ್ರ ಹೊಡೆಯುತ್ತವೆ. ವೈರಸ್ಸಿಗೆ ಅಂಥ ಗೋಡೆಯಿಲ್ಲ, ಅಡಿಗೆಯವರು ನಮ್ಮವರೇ. ಕಳ್ಳಚೀಟಿಯನ್ನು ನಿಲ್ಲಿಸಲು ಅಡಿಗೆಯವರನ್ನು ಹೊಡೆದರೆ ಮದುವೆ ಮನೆಯೇ ಉಪವಾಸ. ಆದ್ದರಿಂದ ಆ ಇಂಜೆಕ್ಷನ್ನಿಗೆ ಚಿಕ್ಕಪ್ಪನ ಮೈಯಲ್ಲಿದ್ದ ವೈರಸ್ಸಿನ ಮೇಲೆ ಹೊಡೆಯಲು ಜಾಗವೇ ಇರಲಿಲ್ಲ. ಜ್ವರ ಬಿಟ್ಟದ್ದು ದೇಹವು ತಾನೇ ಪ್ರತಿಕಾಯಗಳನ್ನು ತಯಾರಿಸಿಕೊಂಡದ್ದರಿಂದ. ಕೆಲಸ ಮಾಡಿದ್ದು ಚಿಕ್ಕಪ್ಪನ ರಕ್ತ. ಕೀರ್ತಿ ಹೋದದ್ದು ಶೀಶೆಗೆ. ಬೇಡದ ಕಡೆ ಬಳಸಿದ ಆಂಟಿಬಯೋಟಿಕ್ಕಿನಿಂದ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬಲಿಯುತ್ತವೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗನೇ 1945ರ ನೊಬೆಲ್ ಭಾಷಣದಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಅಪಾಯದ ಬಗ್ಗೆ ಎಚ್ಚರಿಸಿದ್ದನು.

ಹಾಗಾದರೆ ವೈರಸ್ಸಿಗೆ ಔಷಧಿಯೇ ಇಲ್ಲವೋ? ಇದೆ, ಕೆಲವಕ್ಕೆ ಇದೆ. ವೈರಸ್ಸಿನ ವ್ಯವಹಾರದಲ್ಲಿ ಅದರ ಸ್ವಂತದವನಾದ ಒಬ್ಬ ಕಾರಕೂನನಿದ್ದಾನೆ: ಆರ್‌ಎನ್‌ಎ ಚೀಟಿಯನ್ನು ನೋಡಿ ಇನ್ನೊಂದು ಆರ್‌ಎನ್‌ಎ ಚೀಟಿಯನ್ನು ನಕಲು ಮಾಡುವವನು. ನಮ್ಮ ಕೋಶಕ್ಕೆ ಅಂಥ ಕೆಲಸ ಬೇಕಾಗಿಲ್ಲವಾದ್ದರಿಂದ ವೈರಸ್ಸು ಅವನನ್ನು ತನ್ನ ಚೀಟಿಯ ಮೂಲಕವೇ ಮಾಡಿಸಿಕೊಳ್ಳುತ್ತದೆ. ಅವನ ಕೈಯನ್ನು ಮಾತ್ರ ಕಟ್ಟಿಹಾಕುವ ಮದ್ದು ಸಿಕ್ಕರೆ ನಮಗೆ ಅಪಾಯವಿಲ್ಲದೆ ವೈರಸ್ಸು ನಿಲ್ಲುತ್ತದೆ. ಹೆಪಟೈಟಿಸ್ ಸಿ ಎಂಬ ಯಕೃತ್ತಿನ ರೋಗಕ್ಕೆ 2013ರಲ್ಲಿ ಬಳಕೆಗೆ ಬಂದ ಸೊಫೊಸ್‌ಬುವಿರ್ ಅಂಥದೇ ಮದ್ದು. ಬೇರೆ ಮದ್ದಿನೊಡನೆ ಕೆಲವು ವಾರ ಕೊಟ್ಟರೆ ಬಹುಮಂದಿ ಪೂರ್ತಿ ಗುಣವಾಗುತ್ತಾರೆ. ಮಂಗನ ಕಾಯಿಲೆಯ ವೈರಸ್ಸೂ ಹೆಪಟೈಟಿಸ್ ಸಿ ವೈರಸ್ಸೂ ಒಂದೇ ದೊಡ್ಡ ಕುಟುಂಬಕ್ಕೆ ಸೇರಿದ ದೂರದ ನೆಂಟರು. ಒಂದಕ್ಕೆ ಮದ್ದು ಬಂತು, ಇನ್ನೊಂದಕ್ಕೆ ಬಂದಿಲ್ಲ. ಹೆಪಟೈಟಿಸ್ ಸಿ ಲೋಕವೆಲ್ಲ ಇದೆ, ಕೊಳ್ಳುವವರಿದ್ದಾರೆ. ಮಂಗನ ಕಾಯಿಲೆ ಬರುವುದು ಪಶ್ಚಿಮಘಟ್ಟದ ಸೆರಗಿನಲ್ಲಿ ದರಕು ಗುಡಿಸುವವರಿಗೆ, ವರ್ಷಕ್ಕೆ ಕೆಲವು ನೂರು ಮಂದಿಗೆ. ಇದು ಅರ್ಥಶಾಸ್ತ್ರದ ವಿದ್ಯಾರ್ಥಿಯ ಅನುಮಾನವೆಂದು ತಿಳಿಯಿರಿ. ಆದರೂ ನಿರಾಧಾರವೆಂದು ನನಗೆ ತೋರುವುದಿಲ್ಲ. ಅಂತೂ ‘ಔಷಧಿಯಿಲ್ಲ’ ಎಂಬುದು ಪ್ರಕೃತಿಯ ಕಟ್ಟಳೆಯಲ್ಲ. ‘ಇದೊಂದೇ ವೈರಸ್ಸನ್ನು ಗುರಿಯಿಟ್ಟು ಹೊಡೆಯುವ ಮದ್ದು ಇನ್ನೂ ಇಲ್ಲ’ ಎಂದು ಅದರ ಅರ್ಥ. ನಾನು ಹಾರಿಸಿದ ‘ಸ್ಪೆಸಿಫಿಕ್’ ಎಂಬ ಪದ ಹೇಳುತ್ತಿದ್ದದ್ದು ಇದನ್ನೇ.

ಇನ್ನು ‘ಆದ್ದರಿಂದ’. ಹೊಡೆಯುವ ಮದ್ದಿಲ್ಲ, ಆದ್ದರಿಂದ ದೇಹವು ತನ್ನ ಪ್ರತಿಕಾಯಗಳನ್ನು ಸಿದ್ಧಮಾಡಿಕೊಳ್ಳುವವರೆಗೆ ರೋಗಿಯನ್ನು ದಡ ಮುಟ್ಟಿಸಬೇಕು. ನೀರು, ಗ್ಲೂಕೋಸು, ವಿಶ್ರಾಂತಿ, ಬೇಕಾದರೆ ರಕ್ತ, ಬಿಡದ ಕಾವಲು. ಇದು ಚಿಕಿತ್ಸೆಯೇ. ನಮ್ಮ ಜನ ಚುಚ್ಚಿದ್ದನ್ನು ಚಿಕಿತ್ಸೆಯೆನ್ನುತ್ತಾರೆ, ಕಾದದ್ದನ್ನು ಚಿಕಿತ್ಸೆಯೆನ್ನುವುದಿಲ್ಲ. ಹೆರಿಗೆಯ ಕೋಣೆಯಲ್ಲಿ ಸೂಲಗಿತ್ತಿ ರಾತ್ರಿಯೆಲ್ಲ ಕಾಯುವುದನ್ನು ಯಾರೂ ‘ಸುಮ್ಮನೆ ಕೂತಿದ್ದಳು’ ಎಂದು ಹೇಳಿದ್ದಿಲ್ಲವಷ್ಟೆ.

ಅದಕ್ಕಿಂತ ಮುಖ್ಯವಾದ ‘ಆದ್ದರಿಂದ’ ಮತ್ತೊಂದಿದೆ. ಒಳಗೆ ಹೊಕ್ಕ ಮೇಲೆ ಹೊಡೆಯಲಾಗದಿದ್ದರೆ ಬಾಗಿಲಲ್ಲಿ ತಡೆಯಬೇಕು. ಬಾಗಿಲು ಎಲ್ಲಿದೆಯೆಂದು ಹುಡುಕಿಕೊಟ್ಟವರ ಕಥೆ ನಮ್ಮ ಜಿಲ್ಲೆಯದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಯವರಿಗೆ ಜ್ವರ ಬಂತು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರ ಬಂದಾಗ ಮಂಗಗಳು ಸಾಯುವುದರಿಂದ, ಅದೇ ನಮ್ಮ ದೇಶಕ್ಕೂ ಬಂತೋ ಎಂಬ ಶಂಕೆ ಹುಟ್ಟಿತು. ಪುಣೆಯಲ್ಲಿ 1952ರಲ್ಲಿ ಸ್ಥಾಪನೆಯಾಗಿದ್ದ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿ, ಇದು ಹಳದಿ ಜ್ವರವಲ್ಲ, ಲೋಕಕ್ಕೇ ಹೊಸ ವೈರಸ್ಸು, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ವೈರಸ್ಸಿನ ಹತ್ತಿರದ ಸಂಬಂಧಿ ಎಂದು ತೋರಿಸಿಕೊಟ್ಟರು. ಲೋಕದ ವೈದ್ಯಗ್ರಂಥಗಳಲ್ಲಿ ಈ ಕಾಯಿಲೆಗೆ ಇಂದಿಗೂ ಕ್ಯಾಸನೂರಿನ ಹೆಸರೇ ಇದೆ. ಹೊಗಳಿಕೆಯ ಕೀರ್ತಿಯಲ್ಲ, ಆದರೂ ನಮ್ಮದೇ.

ಅವರು ಹಿಡಿದ ಸುಳಿವು ಇದು. ಕಾಡಿನ ಉಣುಗು ಹುಟ್ಟಿನಿಂದ ಸಾಯುವವರೆಗೆ ಮೂರು ಸಲ ರಕ್ತ ಕುಡಿಯುತ್ತದೆ. ತೀರ ಚಿಕ್ಕದಿದ್ದಾಗ ಮಂಗವನ್ನೋ ಇಲಿ ಹೆಗ್ಗಣಗಳಂಥ ಪ್ರಾಣಿಯನ್ನೋ ಕಚ್ಚಿ ವೈರಸ್ಸನ್ನು ಪಡೆಯುತ್ತದೆ. ಮುಂದಿನ ಹಂತದಲ್ಲಿ, ಎಳ್ಳುಕಾಳಿಗಿಂತ ದೊಡ್ಡದಿಲ್ಲದಾಗ, ದರಕಿನ ಮೇಲೆ ಕುಳಿತವರ ಕಾಲು ಹತ್ತುತ್ತದೆ. ಮನುಷ್ಯನಿಗೆ ರೋಗ ಕೊಡುವುದು ಮುಖ್ಯವಾಗಿ ಈ ಹಂತದ್ದು. ಅದು ಹೆಚ್ಚಾಗಿರುವ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಬಲಿತ ಮೇಲೆ ಕಾಡಿಗೆ ಮೇಯಲು ಹೋದ ದನಗಳ ರಕ್ತ ಕುಡಿದು ಮೊಟ್ಟೆಯಿಡುತ್ತದೆ. ಮಂಗ ಸತ್ತರೆ ಅದರ ಮೈಯ ಉಣುಗುಗಳು ಅಲ್ಲಿಯೇ ಉದುರಿ, ಆ ಜಾಗ ಸೋಂಕಿನ ಗೂಡಾಗುತ್ತದೆ. ಮಂಗವೂ ನಮ್ಮಂತೆಯೇ ರೋಗಿ; ಅದನ್ನು ಶತ್ರುವೆಂದು ಹೊಡೆಯುವುದು ತಪ್ಪು. ಮನುಷ್ಯನಿಂದ ಮನುಷ್ಯನಿಗೆ ಈ ವೈರಸ್ಸು ಹೋಗುವುದಿಲ್ಲ. ಇದು ಗೊತ್ತಿದ್ದರೆ ಆ ವರ್ಷ ನಮ್ಮ ಮನೆಯ ಬಾವಿಗೆ ನೆರೆಯವರು ಬರುವುದನ್ನು ನಿಲ್ಲಿಸುತ್ತಿರಲಿಲ್ಲ.

ಹೀಗೆ ದಾರಿ ತಿಳಿದ ಮೇಲೆ ಬಾಗಿಲು ಕಾಣುತ್ತದೆ. ಸತ್ತ ಮಂಗ ಕಂಡರೆ ಮುಟ್ಟದೆ ಕೂಡಲೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು. ಆ ಬೆಟ್ಟಕ್ಕೆ ದರಕಿಗೆ ಹೋಗದಿರುವುದು. ಹೋಗಲೇಬೇಕಾದರೆ ಮೈತುಂಬ ಬಟ್ಟೆ ತೊಟ್ಟು, ಇಲಾಖೆಯವರು ಹಂಚುವ ಎಣ್ಣೆ ಹಚ್ಚಿಕೊಳ್ಳುವುದು. ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಮಿಂದು ಬಟ್ಟೆ ಒಗೆಯುವುದು. ಚಿಕ್ಕಪ್ಪನ ಎಣ್ಣೆಯ ಶೀಶೆ ಮಾಡಿನ ಸಂದಿಯಲ್ಲಿ ಮುಚ್ಚಳ ತೆಗೆಯದೆ ಇತ್ತು. ವಾಸನೆಯೆಂದು ಬಿಟ್ಟಿದ್ದನಂತೆ. ಎಣ್ಣೆ ಕೊಟ್ಟವರು ‘ಹಚ್ಚಿಕೊಳ್ಳಿ’ ಎಂದಿದ್ದರು. ಏಕೆಂದು ಯಾರೂ ಹೇಳಿರಲಿಲ್ಲ. ಇನ್ನು ಲಸಿಕೆ: 1990ರ ಸುಮಾರಿನಿಂದ ಒಂದು ಲಸಿಕೆ ಬಳಕೆಯಲ್ಲಿತ್ತು. ಹಲವು ಸಲ ಹಾಕಿಸಿಕೊಳ್ಳಬೇಕಿತ್ತು; ನೋವು ಬಹಳ; ಹಾಕಿಸಿಕೊಂಡವರಿಗೂ ಪೂರ್ಣ ರಕ್ಷಣೆಯಿರಲಿಲ್ಲ. 2022ರಲ್ಲಿ ಅದರ ಬಳಕೆ ನಿಂತಿತು. ಹೊಸ ಲಸಿಕೆಗಾಗಿ ಕೆಲಸ ನಡೆದಿದೆ. ಅದು ಎಲ್ಲರ ಕೈಗೆ ಬರುವವರೆಗೆ ಉಣುಗಿನ ಬಾಗಿಲನ್ನು ಕಾಯುವುದೇ ನಮಗುಳಿದ ದಾರಿ.

ಬಾಗಿಲು ಕಾಯುವುದನ್ನು ಅಲ್ಪವೆಂದು ತಿಳಿಯಬಾರದು. ಸಿಡುಬು ಲೋಕವನ್ನು ಕಾಡುತ್ತಿದ್ದಷ್ಟು ಕಾಲವೂ ಅದರ ವೈರಸ್ಸನ್ನು ಕೊಲ್ಲುವ ಒಳ್ಳೆಯ ಮದ್ದು ಯಾರ ಕೈಯಲ್ಲಿಯೂ ಇರಲಿಲ್ಲ. ಆದರೂ ಸಿಡುಬು ಹೋಯಿತು. ನಮ್ಮ ದೇಶದಲ್ಲಿ 1975ರಲ್ಲಿ ಕೊನೆಯಾಯಿತು. 1980ರಲ್ಲಿ ಲೋಕದಿಂದಲೇ ಹೋಯಿತೆಂದು ಸಾರಿದರು. ಲಸಿಕೆ ಹಾಕುವವರು ಮನೆಮನೆಗೆ ನಡೆದು, ರೋಗವಿದ್ದ ಮನೆಯ ಸುತ್ತ ಬೇಲಿ ಕಟ್ಟಿದಂತೆ ಲಸಿಕೆ ಹಾಕಿ ಅದನ್ನು ಕೊನೆಗಾಣಿಸಿದರು. ಅಜ್ಜಿಯ ಕಾಲದಲ್ಲಿ ‘ಅಮ್ಮ’ ಎಂದು ಕೈಮುಗಿಸಿಕೊಂಡ ರೋಗ ಔಷಧಿಯಿಲ್ಲದೆಯೇ ಹೋಯಿತು. ಪೋಲಿಯೋವಿನ ಕಥೆಯೂ ಹಾಗೆಯೇ. ನಮ್ಮ ದೇಶದಲ್ಲಿ ಕಾಡು ಪೋಲಿಯೋ ಕೊನೆಯದಾಗಿ ಕಂಡದ್ದು 2011ರ ಜನವರಿಯಲ್ಲಿ. ಔಷಧಿಯಿಲ್ಲವೆಂದರೆ ಉಪಾಯವಿಲ್ಲವೆಂದಲ್ಲ.

ಇದನ್ನೆಲ್ಲ ಹೇಳಬೇಕಾದವರು ವೈದ್ಯರಲ್ಲವೇ ಎಂದು ಕೇಳುವವರುಂಟು. ಹೌದು, ಆದರೆ ಕಾಯಿಲೆಯ ಕಾಲದಲ್ಲಿ ಒಂದು ಬೆಳಗ್ಗೆ ನೂರು ಮಂದಿಯನ್ನು ನೋಡುವ ವೈದ್ಯರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಬಾಯಲ್ಲಿ ಮೂರು ಪದ ಬಂದರೆ ಹೆಚ್ಚು. ಜನ ಮೂಢರು, ಹೇಳಿದರೂ ಕೇಳರು ಎನ್ನುವವರೂ ಉಂಟು. ಇದನ್ನು ನಾನು ಒಪ್ಪಲಾರೆ. ನಮ್ಮಪ್ಪ ಮೂಢನಲ್ಲ. ಕೊಳೆರೋಗ ಅಡಿಕೆ ಗೊನೆಗೆ ಹತ್ತಿದ ಮೇಲೆ ಔಷಧಿ ಹೊಡೆದು ಪ್ರಯೋಜನವಿಲ್ಲ, ಮಳೆಗೆ ಮೊದಲೇ ಬೋರ್ಡೋ ದ್ರಾವಣ ಹೊಡೆಯಬೇಕು ಎಂಬುದನ್ನು ಅವನೇ ನನಗೆ ಕಲಿಸಿದವನು. ಮೊದಲೇ ತಡೆಯುವ ತತ್ತ್ವ ಅವನಿಗೆ ಗೊತ್ತಿತ್ತು. ಅದು ಚಿಕ್ಕಪ್ಪನ ಜ್ವರಕ್ಕೂ ಅನ್ವಯಿಸುತ್ತದೆಂದು ಅವನ ಮಾತಿನಲ್ಲಿ ಹೇಳುವವರಿರಲಿಲ್ಲ. ಇದ್ದವನು ನಾನೊಬ್ಬ, ನಾನು ಪದ ಹಾರಿಸಿದೆ. 2020ರಲ್ಲಿ ಕೋವಿಡ್ ಬಂದಾಗ ‘ವೈರಸ್’ ಎಂಬ ಮಾತು ದನ ಕಾಯುವ ಹುಡುಗ ಹುಡುಗಿಯರ ಬಾಯಿಗೂ ಬಂತು. ಮಾತು ಬಂತು, ಅರ್ಥ ಬರಲಿಲ್ಲ. ಸೋಪು ಹಚ್ಚಿ ತಿಕ್ಕಿದೆವು. ಸೋಪು ಆ ವೈರಸ್ಸಿನ ಕೊಬ್ಬಿನ ಲಕೋಟೆಯನ್ನು ಒಡೆಯುತ್ತದೆಂದು ಎಷ್ಟು ಮಂದಿಗೆ ಹೇಳಿದೆವು?

ಈ ಕಾಲೇಜಿನಲ್ಲಿ ನನ್ನಂತೆ ಮನೆಗೆ ಮೊದಲನೆಯ ಪದವೀಧರರಾಗಲಿರುವವರು ಬಹಳ ಮಂದಿಯಿದ್ದೇವೆ. ನಾವು ಬಿ.ಎ. ಓದುತ್ತಿದ್ದೇವೆಂದು ಮನೆಯವರು ತಿಳಿದಿರುವುದು ಬೇರೆ ರೀತಿಯಲ್ಲಿ: ಓದಿದವನಿಗೆ ಎಲ್ಲವೂ ಗೊತ್ತು. ಪಹಣಿ ಓದುವವರು ನಾವು, ಬ್ಯಾಂಕಿನ ನೋಟೀಸು ಓದುವವರು ನಾವು, ಆಸ್ಪತ್ರೆಯ ಚೀಟಿ ಓದುವವರೂ ನಾವೇ. ಆದ್ದರಿಂದ ಎರಡು ಸಲಹೆಗಳನ್ನು ಅಧ್ಯಾಪಕರ ಮತ್ತು ಗೆಳೆಯರ ಮುಂದಿಡುತ್ತೇನೆ. ಮೊದಲನೆಯದು, ಪ್ರತಿವರ್ಷ ನವೆಂಬರಿನಲ್ಲಿ, ಉಣುಗಿನ ಕಾಲ ಬರುವ ಮುನ್ನ, ಆರೋಗ್ಯ ಕೇಂದ್ರದವರನ್ನು ಕರೆಸಿ ಕಾಡಿನಂಚಿನ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳಿಗೆ ಒಂದು ದಿನ ಪಾಠ ಹೇಳಿಸಬೇಕು. ರಾಷ್ಟ್ರೀಯ ಸೇವಾ ಯೋಜನೆಯವರು ಅದನ್ನು ಕನ್ನಡದಲ್ಲಿ ಊರಿಗೊಯ್ಯಬೇಕು. ಎರಡನೆಯದು, ಆಸ್ಪತ್ರೆಯ ಚೀಟಿಯಲ್ಲಿ ಮದ್ದಿನ ಹೆಸರು ಯಾವ ಭಾಷೆಯಲ್ಲಾದರೂ ಇರಲಿ, ರೋಗಿಗೆ ಹೇಳುವ ಮಾತು ಕನ್ನಡದಲ್ಲಿರಬೇಕೆಂದು ನಾವೆಲ್ಲ ಸೇರಿ ಇಲಾಖೆಗೆ ಅರ್ಜಿ ಬರೆಯಬೇಕು. ಅರ್ಜಿ ಬರೆಯುವುದು ನಮಗೆ ಬರುತ್ತದೆ. ಅಷ್ಟನ್ನಾದರೂ ಕಾಲೇಜು ಕಲಿಸಿದೆ.

ಕಳೆದ ಬೇಸಗೆಯಲ್ಲಿ ಊರಿಗೆ ಹೋಗಿದ್ದಾಗ ಪಕ್ಕದ ಮನೆಯ ಅತ್ತೆಗೆ ಜ್ವರ ಬಂತು. ಆಸ್ಪತ್ರೆಯ ಚೀಟಿಯಲ್ಲಿ ಅದೇ ಮೂರು ಪದಗಳಿದ್ದವು. ನಾನು ಗಟ್ಟಿಯಾಗಿ ಓದಿದೆ: “ಈ ವೈರಸ್ಸನ್ನೇ ಹೊಡೆಯುವ ಮದ್ದು ಇನ್ನೂ ಬಂದಿಲ್ಲ. ಆದ್ದರಿಂದಲೇ ಇಲ್ಲಿಯೇ ಇರಬೇಕು, ದಿನಾ ರಕ್ತ ನೋಡಬೇಕು ಅಂತ ಬರ್ದಿದಾರೆ ಅತ್ತೆ.” ಅವರ ಮಗ ಚಾಪೆ ತರಲು ಹೋದ. ಬಾಗಿಲಲ್ಲಿ ನಿಂತಿದ್ದ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆವತ್ತೂ ಹೀಗೇ ಬರ್ದಿತ್ತಾ?” ಎಂದು ಕೇಳಿದ. ಹೌದೆಂದೆ. ಮತ್ತೇನೂ ಕೇಳಲಿಲ್ಲ.

ಅಪ್ಪ ನನ್ನನ್ನು ಬೈದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲವೋ ಏನೋ. ಗೆಳೆಯರೇ, ನಿಮ್ಮ ಮನೆಗೂ ಇಂಥ ಚೀಟಿ ಬರಬಹುದು. ಗೊತ್ತಿಲ್ಲದ ಪದ ಬಂದರೆ ಹಾರಿಸಬೇಡಿ. ನಾಚದೆ ಕೇಳಿ ತಿಳಿದುಕೊಳ್ಳಿ. ಆಮೇಲೆ ಮನೆಯವರಿಗೆ ಪೂರ್ತಿ ಓದಿ ಹೇಳಿ.